ಹಲಬರ್ಗಾದ ರೊಟ್ಟಿಗಂಟು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ವಕೀಲ ಮಾಣಿಕಪ್ಪನವರೇ, ನಮ್ಮ ಕನ್ನಡ ವಾಚನಾಲಯದ ಕಾರ್ಯದರ್ಶಿಗಳೂ ನನ್ನನ್ನು ಈ ಫಜೀತಿಗೆ ತಂದು ನಿಲ್ಲಿಸಿದವರೂ ಆದ ವೈಜಿನಾಥ ಮಾಸ್ತರರೇ, ಮುಂದಿನ ಸಾಲಿನಲ್ಲಿರುವ ಹಾಜಿ ಹಬೀಬ ಸಾಹೇಬರೇ, ಪೊಲೀಸ ಅಮೀನರ ಕಚೇರಿಯಿಂದ ಬಂದು ಬಾಗಿಲ ಬಳಿ ನನ್ನ ಮಾತನ್ನೆಲ್ಲ ಬರೆದುಕೊಳ್ಳುತ್ತಿರುವ ಯುನುಸ ಸಾಹೇಬರೇ, ಬೀದರಿನ, ಭಾಲ್ಕಿಯ, ಔರಾದಿನ ಹಿರಿಯರೇ, ಕಂಬದ ಆಚೆ ಕುಳಿತಿರುವ ತಾಯಂದಿರೇ, ಸಭಿಕರೇ, ಎಲ್ಲರಿಗೂ ಶರಣು.

ಮೊದಲು ಈ ಹಾರವನ್ನು ತೆಗೆದಿಡಲು ಅಪ್ಪಣೆ ಕೊಡಬೇಕು. ಚೆಂಡುಹೂವು ಕುತ್ತಿಗೆಗೆ ಕಡಿಯುತ್ತದೆ, ಮಾತು ತಪ್ಪುತ್ತದೆ. ನಾನು ಭಾಲ್ಕಿಯಲ್ಲಿ ತೊಗರಿ, ಜೋಳ ಮಾರುವ ಹಾವಗೆಪ್ಪ. ಗಂಟಲು ಹರಿಯುವಂತೆ ಸವಾಲು ಕೂಗಿ ಗೊತ್ತು, ಭಾಷಣ ಮಾಡಿ ಗೊತ್ತಿಲ್ಲ. ಹಾಗಾದರೆ ನನ್ನನ್ನು ಯಾಕೆ ಕರೆದರು? ಹೇಳುತ್ತೇನೆ. ಸಭೆ ಕೂಡಿಸಬೇಕಾದರೆ ತಾಲೂಕದಾರರ ಪರವಾನಗಿ ಬೇಕು. ಯಾವ ವಿಷಯಕ್ಕೆ ಪರವಾನಗಿ ಕೇಳಿದರೂ ವಾಪಸ್ಸು ಬಂತಂತೆ. ಕೊನೆಗೆ 'ಪ್ರವಾಸದ ಅನುಭವ' ಎಂದು ಬರೆದು ಕಳಿಸಿದರು, ಸಿಕ್ಕಿತು. ಅದರ ಕೆಳಗೆ 'ಪ್ರವಾಸದ ಹೊರತು ಬೇರೆ ಮಾತಿಲ್ಲ' ಎಂದು ಷರತ್ತು ಇದೆ. ಪರವಾನಗಿ ಸಿಕ್ಕ ಮೇಲೆ ಮಾಸ್ತರರು ಪ್ರವಾಸ ಮಾಡಿದವರನ್ನು ಹುಡುಕಲು ಹೊರಟರು. ಅಂದರೆ ನನ್ನ ಯೋಗ್ಯತೆ ನೋಡಿ ಸಭೆ ಕೂಡಿಸಿದ್ದಲ್ಲ, ಸಭೆ ಕೂಡಿಸಲಿಕ್ಕಾಗಿ ನನಗೆ ಯೋಗ್ಯತೆ ಹುಟ್ಟಿಸಿದ್ದು. ಯುನುಸ ಸಾಹೇಬರೇ, ಇದೂ ಪ್ರವಾಸದ ಮಾತೇ, ಬರೆದುಕೊಳ್ಳಿರಿ.

ಮಾಸ್ತರರು ನನ್ನನ್ನು ಹೊಗಳಿ ಮೂರು ಮಾತು ಆಡಿದರು. ಜಿಲ್ಲೆಯಲ್ಲಿ ಕಡಲು ದಾಟಿದ ಮೊದಲಿಗ ಹಾವಗೆಪ್ಪ ಎಂದರು. ಬ್ರಹ್ಮದೇಶವನ್ನೆಲ್ಲ ಕಣ್ಣಾರೆ ಕಂಡು ಬಂದವರು ಎಂದರು. ಅಷ್ಟಾದರೂ ಸಾಲಲಿಲ್ಲ. ಹಲಬರ್ಗಾದ ಅನುಸೂಯಾಬಾಯಿ ಕೊಟ್ಟ ರೊಟ್ಟಿಗಂಟನ್ನು ರಂಗೂನಿನಲ್ಲಿರುವ ಅವರ ತಮ್ಮನ ಕೈಗೆ ಮುಟ್ಟಿಸಿ ಬಂದ ಕರುಣಾಳು ಎಂದೂ ಹೇಳಿದರು. ಆ ಮಾತು ಕೇಳಿ ಅನುಸೂಯಾಬಾಯಿಯವರು ಅಲ್ಲಿ ಕಂಬದ ಹತ್ತಿರ ಎದ್ದು ನಿಂತು ನನಗೆ ಕೈ ಮುಗಿದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಈ ಮೂರನೆಯ ಮಾತಿಗೆ ನಾನು ಕೊನೆಗೆ ಬರುತ್ತೇನೆ. ಬರದೆ ಹೋದರೆ ಯಾರಾದರೂ ನೆನಪು ಮಾಡಿರಿ, ಯಾಕೆಂದರೆ ಮೂರು ವರ್ಷದಿಂದ ಅದನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದೇನೆ.

ಮೊದಲಿಗ ಎಂಬ ಮಾತು ಸುಳ್ಳು. ಹಬೀಬ ಸಾಹೇಬರು ನನಗಿಂತ ಇಪ್ಪತ್ತು ವರ್ಷ ಮೊದಲೇ ಮುಂಬಯಿಯಲ್ಲಿ ಹಡಗು ಹತ್ತಿ ಹಜ್‌ಗೆ ಹೋಗಿ ಬಂದವರು. ನಮ್ಮ ಓಣಿಯ ಮರಿಯಮಬೀ ಎಪ್ಪತ್ತು ವರ್ಷದ ಮುದುಕಿ, ಬಗಲಲ್ಲಿ ಒಂದು ತಂಬಿಗೆ ಇಟ್ಟುಕೊಂಡು ಹೋಗಿ ಬಂದರು. ಬಂದವರೇ ಮರುದಿನ ಮೆಣಸಿನಕಾಯಿ ಒಣಹಾಕಿದರು. ಅವರಿಗೆ ಯಾರು ಶಾಲು ಹೊದಿಸಿದಿರಿ? ಯಾರು ಚೆಂಡುಹೂವಿನ ಹಾರ ಹಾಕಿದಿರಿ? ನಾನು ಕೋಟು ತೊಟ್ಟು ಎರಡನೆಯ ದರ್ಜೆಯಲ್ಲಿ ಹೋದೆ, ಅಷ್ಟೇ ವ್ಯತ್ಯಾಸ.

ಇನ್ನು ಬ್ರಹ್ಮದೇಶವನ್ನು ಕಣ್ಣಾರೆ ಕಂಡದ್ದು. ಅಯ್ಯಾ ಸಭಿಕರೇ, ನಾನು ಕಂಡದ್ದು ನನ್ನ ಮುಂದೆ ನಡೆಯುತ್ತಿದ್ದ ಸೋಲಾಪುರದ ವ್ಯಾಪಾರಿಯ ಕುತ್ತಿಗೆಯನ್ನು. ಮುಂಬಯಿಯ ಒಂದು ಪ್ರವಾಸ ಕಂಪನಿ ಹದಿನಾಲ್ಕು ಜನರನ್ನು ಕೂಡಿಸಿ ಕರೆದುಕೊಂಡು ಹೋಗಿತ್ತು. ಕೋಣೆ ನೋಡಿಕೊಳ್ಳುವುದು ಅವರದು, ಊಟ ಅವರದು, ದಾರಿ ಅವರದು. ನಮ್ಮದೇನು? ನಡೆಯುವುದು. ನಮ್ಮ ಮುಂದಾಳಿನ ಹೆಸರು ಈಗ ಮರೆತಿದೆ. ಅವನ ಕೊರಳಲ್ಲಿ ಒಂದು ಸೀಟಿ ಇತ್ತು, ಅದಕ್ಕೆ ನಾವು ಅವನನ್ನು ಸೀಟಿ ಸಾಹೇಬ ಎನ್ನುತ್ತಿದ್ದೆವು. ಒಂದು ಸೀಟಿ ಊದಿದರೆ ಏಳಬೇಕು, ಎರಡು ಊದಿದರೆ ಸಾಲಾಗಿ ನಿಲ್ಲಬೇಕು, ಮೂರು ಊದಿದರೆ ಗಾಡಿ ಹತ್ತಬೇಕು. ಚಿಂತಾಕಿಯ ಕುರಿಗಳಿಗಾದರೂ ದಾರಿಯಲ್ಲಿ ಒಂದು ಬಾಯಿ ಹುಲ್ಲು ಕಡಿಯಲು ಬಿಡುತ್ತಾರೆ.

ರಂಗೂನಿನ ಬಂಗಾರದ ಪಗೋಡಕ್ಕೆ ಕರೆದೊಯ್ದ. ಅಲ್ಲಿ ಬೂಟು, ಕಾಲುಚೀಲ ಎರಡೂ ಬಿಚ್ಚಬೇಕು. ನನಗೆ ಬೂಟಿನ ಅಭ್ಯಾಸವಿಲ್ಲ, ಪ್ರವಾಸಕ್ಕೆಂದೇ ಹೈದರಾಬಾದಿನಲ್ಲಿ ಕೊಂಡದ್ದು. ದಾರ ಬಿಚ್ಚುವುದರಲ್ಲಿ ಅರ್ಧ ಹೊತ್ತು ಹೋಯಿತು. ಮೇಲೆ ಹತ್ತಿದೆ, ಕಣ್ಣು ಕುಕ್ಕುವ ಬಂಗಾರ, ಗಾಳಿಗೆ ಸಣ್ಣ ಸಣ್ಣ ಗಂಟೆಗಳ ಸದ್ದು, ಒಬ್ಬ ಮುದುಕಿ ಕಲ್ಲಿನ ಮೇಲೆ ನೀರು ಹಾಕುತ್ತಾ ಏನೋ ಹೇಳಿಕೊಳ್ಳುತ್ತಿದ್ದಳು. ಏನು ಹೇಳುತ್ತಾಳೆ ಎಂದು ನಿಂತೆ. ಹಿಂದಿನಿಂದ ಸೀಟಿ. "ಚಲೋ ಚಲೋ, ಟೈಮ್ ಹೋ ಗಯಾ." ಇಳಿದು ಬಂದು ಬೂಟಿನ ದಾರ ಕಟ್ಟುವುದರಲ್ಲಿ ಉಳಿದ ಅರ್ಧ ಹೊತ್ತೂ ಹೋಯಿತು. ಇದು ನನ್ನ ಪಗೋಡ ದರ್ಶನ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಮಾಸ್ತರರು ಮಕ್ಕಳಿಗೆ ಕಲಿಸುತ್ತಾರೆ. ಸುತ್ತಿಸಿಕೊಳ್ಳುವುದು ಬೇರೆ, ಸುತ್ತುವುದು ಬೇರೆ ಎಂದು ಅದಕ್ಕೆ ಒಂದು ಮಾತು ಸೇರಿಸಿ ಕಲಿಸಲಿ.

ಮಾಸ್ತರರೇ, ಗಂಟೆ ಬಾರಿಸಬೇಡಿರಿ. ಸೀಟಿಯಿಂದ ಬಿಡಿಸಿಕೊಂಡು ಬಂದವನಿಗೆ ಈಗ ಗಂಟೆಯೇ? ನಾನಿನ್ನೂ ಊಟದ ಮಾತಿಗೆ ಬಂದಿಲ್ಲ, ಮತ್ತು ಈ ಕಥೆಯೆಲ್ಲ ಇರುವುದು ಊಟದಲ್ಲಿಯೇ.

ಅನುಸೂಯಾಬಾಯಿಯವರು ಯಾರೆಂದು ಬೀದರಿನವರಿಗೆ ಗೊತ್ತಿರಲಾರದು. ಹಲಬರ್ಗಾ ನನ್ನ ತಾಯಿಯ ತವರು. ಅಕ್ಷರಕ್ಕೆಂದು ನನ್ನನ್ನು ಅಲ್ಲಿಯ ಐಗಳ ಸಾಲೆಗೆ ಹಾಕಿದ್ದರು. ನಾನೂ ಅವರ ತಮ್ಮ ಹಣಮಂತಪ್ಪನೂ ಒಂದೇ ಹಲಗೆಯಲ್ಲಿ ತಿದ್ದಿದವರು, ಅರ್ಧ ಅವನಿಗೆ ಅರ್ಧ ನನಗೆ. ಅವನ ಅರ್ಧದಲ್ಲಿ ಅಕ್ಷರ ದುಂಡಗೆ ಬರುತ್ತಿತ್ತು. ಐಗಳು ಕೇಳಿದಾಗ ಎಷ್ಟೋ ಸಲ ನಾನು ಹಲಗೆಯನ್ನು ತಿರುಗಿಸಿ ತೋರಿಸಿದ್ದೇನೆ, ಅವನು ಸುಮ್ಮನಿರುತ್ತಿದ್ದ. ಸಾಲೆ ಬಿಟ್ಟ ಮೇಲೆ ಅಕ್ಕ ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಹಾಕುತ್ತಿದ್ದರು. ಮುಂದೆ ನಾನು ಅಪ್ಪನ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತೆ, ಅವನು ಅದೇ ಅಂಗಡಿಗೆ ಹಮಾಲನಾಗಿ ಬಂದ. ಹದಿನೈದು ವರ್ಷದ ಹಿಂದೆ, ಮನೆಮನೆಯಲ್ಲಿ ಜ್ವರದಿಂದ ಜನ ಸತ್ತ ವರ್ಷ, ಅವನು ತೆಲುಗು ಕೂಲಿಗಳ ಒಂದು ಗುಂಪಿನ ಜೊತೆ ರಂಗೂನಿನ ಅಕ್ಕಿ ಗಿರಣಿಗೆ ಹೋದ. ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದವನು ಅವನೊಬ್ಬ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಅದೂ ಯಾರೋ ತೆಲುಗಿನಲ್ಲಿ ಬರೆದುಕೊಟ್ಟದ್ದು. ನಮ್ಮ ಅಂಗಡಿಯ ಮುನೀಮ ಓದಿ ಹೇಳಬೇಕು.

ನಾನು ರಂಗೂನಿಗೆ ಹೋಗುತ್ತೇನೆಂಬ ಸುದ್ದಿ ಹಲಬರ್ಗಾಕ್ಕೆ ಮುಟ್ಟಿದ್ದೇ ತಡ, ಅಕ್ಕ ಭಾಲ್ಕಿಗೆ ಬಂದರು. ನಲವತ್ತು ಖಡಕ ರೊಟ್ಟಿ, ಎಳ್ಳು ಹಚ್ಚಿ ಬಡಿದದ್ದು, ಮೇಲೊಂದು ಡಬ್ಬಿ ಅಗಸಿ ಹಿಂಡಿ. ಮಠದ ಅಯ್ಯನವರ ಮುಂದಿಟ್ಟು ಪ್ರಸಾದ ಮಾಡಿಸಿ, ಕೆಂಪು ಅಂಚಿನ ಬಿಳಿ ಅರಿವೆಯಲ್ಲಿ ಕಟ್ಟಿದ್ದರು. "ಹಾವಗೆಪ್ಪಾ, ತಮ್ಮಾ, ಗಂಟು ಕೆಳಗ ಇಡಬ್ಯಾಡ, ಮುರೀತಾವ. ಅವನ ಕೈಯಾಗ ಕೊಟ್ಟು, ತಿನ್ನೋದು ನೋಡಿ ಬಾ. ಮತ್ತ ಏನೂ ಬ್ಯಾಡ ನನಗ." ನಾನು ಎದೆ ಮುಟ್ಟಿಕೊಂಡು ಒಪ್ಪಿಕೊಂಡೆ.

ಈಗ ಹಡಗು. ಮದ್ರಾಸಿನ ಬಂದರಿನಲ್ಲಿ ಡಾಕ್ಟರು ನಾಲಿಗೆ ನೋಡಿದ, ಕಣ್ಣಿನ ರೆಪ್ಪೆ ಹೊರಳಿಸಿದ, ತೋಳಿಗೆ ಸೂಜಿ ಚುಚ್ಚಿದ. ಒಳಗೆ ಹೋದರೆ ನೆಲ ನಿಲ್ಲದು. ನಾಲ್ಕು ದಿನದ ದಾರಿ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತರೆ ತಂಬಿಗೆಯ ನೀರು ತಾನೇ ಚೆಲ್ಲುತ್ತಿತ್ತು. ಕಂಪನಿಯ ಕಾಗದದಲ್ಲಿ 'ಶುದ್ಧ ಶಾಕಾಹಾರ' ಎಂದು ಅಚ್ಚು ಹಾಕಿಸಿದ್ದರು. ಅಡಿಗೆ ಮನೆಗೆ ಹೋಗಿ ನೋಡಿದೆ. ಅಡಿಗೆಯವನು ಮೀನಿನ ಸಾರಿನಲ್ಲಿ ಅದ್ದಿದ ಸೌಟನ್ನೇ ಬೇಳೆಯಲ್ಲಿ ಅದ್ದುತ್ತಿದ್ದ. ಸೀಟಿ ಸಾಹೇಬನಿಗೆ ಹೇಳಿದೆ. ಅವನು ಏನೆಂದ ಗೊತ್ತೇ? ಸೌಟು ಬೇರೆ, ಬೇಳೆ ಬೇರೆ, ಎಂದ. ಈ ಜ್ಞಾನಕ್ಕೆ ನಾನು ಹಣ ತೆತ್ತು ಹೋಗಿದ್ದೆ.

ಒಂದು ದಿನ ಬರಿ ಬಾಳೆಹಣ್ಣು ತಿಂದೆ. ಎರಡನೆಯ ದಿನ ಹೊಟ್ಟೆ ತಾಳ ಹಾಕಿತು. ಗಂಟು ತಲೆದಿಂಬಿನ ಪಕ್ಕದಲ್ಲಿತ್ತು, ಅಗಸಿ ಹಿಂಡಿಯ ವಾಸನೆ ಬರುತ್ತಿತ್ತು. ನಲವತ್ತರಲ್ಲಿ ಒಂದು ಕಡಿಮೆಯಾದರೆ ಹಣಮಂತಪ್ಪ ಎಣಿಸುವನೇ? ಗಂಟು ಬಿಚ್ಚಿದೆ. ನಾನು ತಿನ್ನುವ ಸದ್ದು ಕೇಳಿ ಸೋಲಾಪುರದ ಇಬ್ಬರು ವ್ಯಾಪಾರಿಗಳು ಬಂದರು, ಅವರೂ ನಮ್ಮವರೇ, ಅವರೂ ಹಸಿದವರೇ. ಹಸಿದವರ ಮುಂದೆ ಒಬ್ಬನೇ ತಿನ್ನುವುದು ಧರ್ಮವೇ? ಕೊಟ್ಟೆ. "ಏನ್ ರುಚಿ ಅದಾವರಿ, ಯಾರು ಮಾಡ್ಯಾರ?" ಎಂದು ಕೇಳಿದರು. "ನಮ್ಮ ಮನ್ಯಾಗ" ಎಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು. ಆ ಒಂದು ಮಾತಿನ ಬೆನ್ನಿಗೆ ಉಳಿದವೆಲ್ಲ ಬಂದವು.

ಮೂರನೆಯ ದಿನ ಕಡಲಿನ ಗಾಳಿಗೆ ರೊಟ್ಟಿಗಳು ಮೆತ್ತಗಾದವು. ಇನ್ನೊಂದು ದಿನ ಬಿಟ್ಟರೆ ಬೂಸಲು ಹಿಡಿಯುತ್ತವೆ. ಹಿರಿಯರೇ, ನೀವೇ ಹೇಳಿರಿ, ಮಠದಲ್ಲಿ ಇಟ್ಟು ತಂದ ಪ್ರಸಾದ. ಬೂಸಲು ಬಂದ ಪ್ರಸಾದವನ್ನು ಒಬ್ಬನ ಕೈಗೆ ಹೇಗೆ ಕೊಡಲಿ? ಸಮುದ್ರಕ್ಕೆ ಎಸೆಯಲಾದೀತೇ? ಕಣಕಣವೂ ಶಿವನದು ಎಂದು ಚಿಕ್ಕಂದಿನಿಂದ ತಾಟು ತೊಳೆದು ಕುಡಿದವರು ನಾವು. ಅದಕ್ಕೇ ತಿಂದು ಮುಗಿಸಿದೆವು. ಎಷ್ಟು ಚಂದದ ಕಾರಣ ನೋಡಿರಿ. ಇಷ್ಟು ಭಕ್ತಿಯಿಂದ ಇನ್ನೊಬ್ಬರ ಬುತ್ತಿಯನ್ನು ಬೀದರ ಜಿಲ್ಲೆಯಲ್ಲಿ ಯಾರೂ ತಿಂದಿರಲಾರರು.

ಆಗಲಿ. ಅನುಸೂಯಾಬಾಯಿಯವರೇ, ನೀವು ಎದ್ದು ಹೋಗಬೇಡಿರಿ, ಇನ್ನೂ ಇದೆ.

ರೊಟ್ಟಿ ಹೋದರೆ ಹೋಯಿತು, ಬರಿಗೈಯಲ್ಲಿ ಹೋಗಿಯಾದರೂ ಅವನನ್ನು ಕಂಡು ಬರಬಹುದಾಗಿತ್ತಲ್ಲ? ಕಾರ್ಡಿನಲ್ಲಿ ವಿಳಾಸವಿತ್ತು, ಊರ ಹೊರಗೆ ಹೊಳೆಯ ದಂಡೆಯ ಗಿರಣಿ. ಮೂರು ವರ್ಷ ಎಲ್ಲರ ಮುಂದೆಯೂ ಸೀಟಿ ಸಾಹೇಬನನ್ನು ಬೈದಿದ್ದೇನೆ, ಸಮಯವನ್ನೇ ಕೊಡಲಿಲ್ಲ ಎಂದು ನನ್ನೊಳಗೂ ಅಂದುಕೊಂಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಸಮಯ ಕೊಟ್ಟಿದ್ದ. ರಂಗೂನಿನಲ್ಲಿ ಮೂರನೆಯ ದಿನ ಮಧ್ಯಾಹ್ನ ಅವನು ಸೀಟಿಯನ್ನು ಜೇಬಿನಲ್ಲಿ ಹಾಕಿಕೊಂಡು, ಎರಡು ತಾಸು ನಿಮ್ಮ ನಿಮ್ಮ ಸ್ವಂತ ಕೆಲಸ ನೋಡಿಕೊಳ್ಳಿರಿ ಎಂದ.

ಅಂದು ಗುಜರಾತಿಯವರ ಭೋಜನಾಲಯದಲ್ಲಿ ಊಟ. ಅಲ್ಲಿ ತಾಟು ಬರಿದಾಯಿತೆಂದರೆ ಇನ್ನೂ ಹಸಿವೆ ಇದೆ ಎಂದು ತಂದು ಹಾಕುತ್ತಾರೆ. ಸಾಕೆಂದರೆ ಒಂದಿಷ್ಟು ಬಿಡಬೇಕು. ನಾವು ಬಿಡುವವರಲ್ಲ. ನಾನೂ ಸೋಲಾಪುರದವರೂ ತಾಟು ಬಳಿಬಳಿದು ತಿಂದೆವು, ಬಡಿಸುವವನು ತಂದುತಂದು ಹಾಕಿದ. ಕೈ ಅಡ್ಡ ಹಿಡಿದರೆ ನಾಚಿಕೆ ಎಂದುಕೊಂಡು ಬೆರಳ ಸಂದಿಯಲ್ಲಿ ಸುರಿದ. ಕೊನೆಗೆ ಗೋಡೆ ಹಿಡಿದುಕೊಂಡು ಎದ್ದೆವು. ಹೊಟ್ಟೆ ಭಾರವಾಗಿ ನಡೆಯಲಾಗದೆ ಹಣಮಂತಪ್ಪನ ಕಡೆಗೆ ಹೋಗಲಿಲ್ಲ ಎಂದು ನನ್ನ ಮನೆಯವಳಿಗೆ ಹೇಳಿದ್ದೇನೆ. ಅದೂ ಸುಳ್ಳು. ನಡೆದೆ. ಚೆನ್ನಾಗಿಯೇ ನಡೆದೆ. ಎಲ್ಲಿಗೆ ನಡೆದೆ?

ಹಾರ ಹಾಕಿ ನೀವು ಅಲ್ಲಿ ತೂಗುಹಾಕಿದ್ದೀರಲ್ಲ, ಆ ಚಿತ್ರ ತೆಗೆಸಲಿಕ್ಕೆ. ನೋಡಿರಿ, ಚೆನ್ನಾಗಿ ನೋಡಿರಿ. ಹಾವಗೆಪ್ಪ ಸಾವುಕಾರರು ಕೋಟು ತೊಟ್ಟು, ಕೈಯಲ್ಲಿ ಬೆತ್ತ ಹಿಡಿದು, ಪಗೋಡದ ಮುಂದೆ ನಿಂತಿದ್ದಾರೆ. ಬೆತ್ತ ಚಿತ್ರ ತೆಗೆಯುವವನದು. ಪಗೋಡ ಅರಿವೆಯ ಮೇಲೆ ಬರೆದದ್ದು. ನಿಜವಾದ ಪಗೋಡದ ಮುಂದೆ ಅರ್ಧ ತಾಸು ನಿಲ್ಲದವನು ಬಣ್ಣದ ಪಗೋಡದ ಮುಂದೆ ಎರಡು ತಾಸು ನಿಂತೆ. ಸೋಲಾಪುರದವರು, "ನೀವೂ ಬರ್ರಿ, ಮೂವರೂ ತೆಗಿಸೋಣ, ಮತ್ತೆಲ್ಲಾದ್ರೂ ಕೆಲಸ ಅದ ಏನ್ರಿ ನಿಮಗ?" ಎಂದು ಕೇಳಿದರು. ನಮ್ಮ ಅಂಗಡಿಯಲ್ಲಿ ಹಮಾಲಿ ಮಾಡಿದವನೊಬ್ಬ ಇಲ್ಲಿ ಕೂಲಿಗಳ ಸಾಲಿನಲ್ಲಿದ್ದಾನೆ, ಅವನನ್ನು ಕಾಣಬೇಕು ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಏನೂ ಇಲ್ರಿ" ಎಂದೆ. ಒಂದೇ ತಾಟಿನಲ್ಲಿ ಉಂಡವನನ್ನು ಏನೂ ಇಲ್ಲ ಎಂದೆ. ಇಷ್ಟೇ ನನ್ನ ಪರದೇಶ ಪ್ರವಾಸ.

ತಿರುಗಿ ಬರುವಾಗ ಮದ್ರಾಸಿನಲ್ಲಿ ಪೆಟ್ಟಿಗೆ ತೆರೆದರೆ ಕೆಂಪು ಅಂಚಿನ ಅರಿವೆ. ಬುತ್ತಿ ಕಟ್ಟಿದ ಅರಿವೆಯನ್ನು ಬರಿದಾಗಿ ತಿರುಗಿಸಬಾರದು. ಒಂದು ಹಿಡಿ ಸಕ್ಕರೆ, ಎರಡು ಅಡಿಕೆ, ಏನಾದರೂ ಕಟ್ಟಿ ಕಳಿಸಬೇಕು. ನಮ್ಮ ಕಡೆ ಕೂಸಿಗೂ ಗೊತ್ತಿರುವ ಪದ್ಧತಿ. ಅಕ್ಕನಿಗೆ ಬರಿ ಅರಿವೆ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಬಂದರಿನ ಬಜಾರಿನಲ್ಲಿ ಬ್ರಹ್ಮದೇಶದ್ದರಂತೆ ಕಾಣುವ ಒಂದು ಅರಗಿನ ಡಬ್ಬಿ ಕೊಂಡು ಆ ಅರಿವೆಯಲ್ಲಿ ಕಟ್ಟಿದೆ. ಮನೆಗೆ ಬಂದ ಮೇಲೆ ಡಬ್ಬಿಯ ತಳದಲ್ಲಿ ಮದ್ರಾಸಿನ ಅಂಗಡಿಯ ಚೀಟಿ ಅಂಟಿದ್ದು ಕಂಡಿತು. ಲಲಿತಾಬಾಯಿ, ನನ್ನ ಮನೆಯವಳು, ಒಂದು ಮಾತೂ ಕೇಳದೆ ಅದನ್ನು ಉಗುರಿನಿಂದ ಕೆರೆದು ತೆಗೆದಳು. "ಅಕ್ಕಗ ಓದಾಕ ಬರಂಗಿಲ್ಲ ಖರೆ. ಓದೋರು ಮನಿಗಿ ಬರ್ತಾರಲ್ರಿ" ಎಂದಳು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ಅವಳ ತಪ್ಪೇನೂ ಇಲ್ಲ.

ಆ ಡಬ್ಬಿ ಈಗ ಅಧ್ಯಕ್ಷರ ಮುಂದಿನ ಮೇಜಿನ ಮೇಲಿದೆ. 'ರಂಗೂನಿನಿಂದ ತಮ್ಮ ಕಳಿಸಿದ ಕಾಣಿಕೆ' ಎಂದು ಮಾಸ್ತರರು ಚೀಟಿ ಬರೆದಿಟ್ಟಿದ್ದಾರೆ. ಅಕ್ಕ ಅದನ್ನು ಮೂರು ವರ್ಷ ದೇವರ ಮಾಡದಲ್ಲಿ ಇಟ್ಟು ದಿನಾಲು ವಿಭೂತಿ ಹಚ್ಚಿದ್ದಾರೆ. ನನ್ನ ಸುಳ್ಳಿಗೆ ಮೂರು ವರ್ಷ ಪೂಜೆ ನಡೆದಿದೆ.

ಡಬ್ಬಿ ಕೊಡಲು ಹೋದಾಗ ಅಕ್ಕ ಕೇಳಿದ್ದೆಲ್ಲಕ್ಕೂ ನನ್ನಲ್ಲಿ ಉತ್ತರ ತಯಾರಿತ್ತು. ಹ್ಯಾಂಗ ಇದ್ದಾನ? ದಪ್ಪ ಆಗ್ಯಾನ. ಮನಿ ಎಲ್ಲಿ ಅದ? ಗಿರಣಿ ಮುಂದ ದೊಡ್ಡ ಹುಣಸಿಗಿಡ ಅದ, ಅದರ ಬುಡಕ್ಕ. ಮನೆ ಎಂದ ಮೇಲೆ ಮುಂದೆ ಒಂದು ಮರ ಇರಲಿ ಎಂದು ನಾನೇ ನೆಟ್ಟ ಮರ ಅದು. ರೊಟ್ಟಿ ಹ್ಯಾಂಗ ಇದ್ವು ಅಂದ? ಛಲೋ ಇದ್ವು ಅಂದ. ಯಾವಾಗ ಬರ್ತಾನ? ಬರೋ ದೀಪಾವಳಿಗಿ.

ಎರಡು ದೀಪಾವಳಿಗೆ ಅಕ್ಕ ಮನೆಗೆ ಸುಣ್ಣ ಬಳಿದು ಕಾದರು. ನಾನು ಆ ದಿನಗಳಲ್ಲಿ ಹಲಬರ್ಗಾದ ಕಡೆಗೆ ಗಾಡಿ ಹೊಡೆಯಲಿಲ್ಲ. ಹೋದ ವರ್ಷ ಅವರು ಕಾಯುವುದನ್ನು ಬಿಟ್ಟು, ತಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಹಿಂಡು ತರುಬುವ ಚಿಂತಾಕಿಯ ಧೊಂಡಿಬಾನನ್ನು ಕರೆದರು. ಇನ್ನೊಂದು ನಲವತ್ತು ರೊಟ್ಟಿ, ಇನ್ನೊಂದು ಅರಿವೆ. ಧೊಂಡಿಬಾ ಕಂಪನಿಯ ಜೊತೆ ಹೋಗಲಿಲ್ಲ. ಅವನಿಗೆ ಬೂಟಿಲ್ಲ, ಅಚ್ಚಿನ ಕಾಗದವಿಲ್ಲ. ಬಾಯಲ್ಲಿ ನಮ್ಮ ಮಾತು, ಅರ್ಧ ಮರಾಠಿ, ಕಾಲು ತೆಲುಗು, ಹೆಗಲ ಮೇಲೆ ಕಂಬಳಿ. ಕೇಳಿಕೊಂಡು ಕೇಳಿಕೊಂಡು ಹೋದ. ಆ ಧೊಂಡಿಬಾ ಮೊನ್ನೆ ತಿರುಗಿ ಬಂದಿದ್ದಾನೆ. ಅಕ್ಕ, ಇದು ನಿಮಗಿನ್ನೂ ಗೊತ್ತಿಲ್ಲ. ಅವನು ನೆಟ್ಟಗೆ ಭಾಲ್ಕಿಗೆ, ನನ್ನ ಅಂಗಡಿಗೆ ಬಂದ. ಇಂದು ನನ್ನ ಜೊತೆಗೇ ಬೀದರಿಗೆ ಬಂದಿದ್ದಾನೆ. ಒಳಗೆ ಬಾ ಎಂದರೆ ಬಾರದೆ, ಹೊರಗೆ ನಿಮ್ಮೆಲ್ಲರ ಚಪ್ಪಲಿಗಳ ಹತ್ತಿರ ಕುಳಿತಿದ್ದಾನೆ.

ಅವನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮೊದಲು ಕೇಳಿದ್ದೇನು ಗೊತ್ತೇ? "ಸಾವ್ಕಾರ್ರ, ಆ ಹುಣಸಿಗಿಡ ಕಡದಾರೇನ್ರಿ?" ಮುಂದೆ ತಾನೇ ಹೇಳಿದ. "ಕಾರ್ಡು ನನಗ ಓದಾಕ ಬರಂಗಿಲ್ಲ, ಗಿಡಾನ ಗುರ್ತು ಅಂತ ಒಂಬತ್ತು ದಿನ ಹುಡುಕಿದೆ. ಹನ್ನೆರಡು ಹುಣಸಿಗಿಡ ನೋಡ್ದೆ. ಒಂದೊಂದರ ಬುಡಕ್ಕೂ ನಿಂತು ಹಣಮಂತಪ್ಪಾ ಅಂತ ಒದರಿದೆ. ಮಂದಿ ಹುಚ್ಚ ಅಂದ್ರು. ಕಡೀಕ ಗಿಡ ಇಲ್ಲದ ಒಂದು ಗಿರಣಿ ಮುಂದ ಸುಮ್ಮ ಒದರಿದೆ, ಒಳಗಿಂದ 'ಯಾರಪಾ ಅಂವ' ಅಂತ ಕನ್ನಡದಾಗ ಕೇಳ್ತು. ಅಂವನ ಇದ್ದ." ಒಂಬತ್ತು ದಿನ, ಸಭಿಕರೇ. ಸೀಟಿ ಸಾಹೇಬ ನಮ್ಮನ್ನು ಮೂರು ದಿನ ಸುತ್ತಿಸಿದ, ನಾನು ಧೊಂಡಿಬಾನನ್ನು ಒಂಬತ್ತು ದಿನ ಸುತ್ತಿಸಿದೆ.

ರೊಟ್ಟಿ ಏನಾದವು ಎಂದು ಕೇಳಿದೆ. "ಪುಡಿ ಆಗಿದ್ವು. ಬೂಸಲಾನೂ ಬಂದಿತ್ತು. ಅಂವ ಒರಸಿ ಒರಸಿ ಪುಡಿನೇ ಬಾಯಾಗ ಹಾಕ್ಕೊಂಡ. ನಾ ಕುಂತು ನೋಡ್ದೆ, ಅಕ್ಕ ನೋಡಿ ಬಾ ಅಂದಿದ್ಳಲ್ರಿ." ಹಡಗಿನಲ್ಲಿ ನಿನಗೆ ಹಸಿವೆ ಆಗಲಿಲ್ಲವೇ ಎಂದು ಕೇಳಿದೆ. ಯಾಕೆ ಕೇಳಿದೆನೋ, ಕೇಳಬಾರದಿತ್ತು. ಅವನು ನನ್ನ ಮುಖ ನೋಡಿ, "ಆಗಿತ್ರಿ. ಗಂಟು ಬ್ಯಾರೇರ್ದಲ್ಲೇನ್ರಿ?" ಎಂದ.

ಮಾಸ್ತರರು ಗಂಟೆಯ ಮೇಲಿಂದ ಕೈ ತೆಗೆದಿದ್ದಾರೆ. ಅವರಿಗೆ ನನ್ನ ಕೃತಜ್ಞತೆ.

ಇನ್ನೊಂದು ಮಾತು ಉಳಿದಿದೆ, ಅದಕ್ಕಾಗಿಯೇ ನಾನು ಇಲ್ಲಿ ನಿಂತಿರುವುದು. ಧೊಂಡಿಬಾ ಅಲ್ಲಿ ಹಣಮಂತಪ್ಪನಿಗೆ, ಹಾವಗೆಪ್ಪ ಸಾವುಕಾರರು ಬಂದು ರೊಟ್ಟಿ ಕೊಟ್ಟು ಹೋಗಿದ್ದರಲ್ಲ, ಅವರು ಹೇಳಿದ ಗಿಡ ಎಲ್ಲಿ ಎಂದು ಕೇಳಿದನಂತೆ. ಹಣಮಂತಪ್ಪ ಅರಿವೆಗೆ ಹತ್ತಿದ ಪುಡಿಯನ್ನೂ ಕೊಡವಿ ತಿಂದನಂತೆ. ಆಮೇಲೆ, "ಹೌದೌದು, ಬಂದಿದ್ದ. ರೊಟ್ಟಿ ಮುಟ್ಟಿದ್ವು. ಅಕ್ಕಗ ಹಂಗ ಹೇಳು. ಮೊದಲ ಹಾವಗೆಪ್ಪನ ಅಂಗಡಿಗಿ ಹೋಗಿ, ನಾ ಹಿಂಗಂದೆ ಅಂತ ಅವಗೂ ಹೇಳು" ಎಂದನಂತೆ. ಹುಣಸೆ ಮರದ ಬಗ್ಗೆ ಏನೂ ಹೇಳಲಿಲ್ಲವಂತೆ.

ಒಂದು 'ಇಲ್ಲ' ಅಂದಿದ್ದರೆ ಮೂರು ತಾಲೂಕಿನಲ್ಲಿ ನನ್ನ ಹೆಸರು ಮಣ್ಣುಗೂಡುತ್ತಿತ್ತು. ಅವನು ಅನ್ನಲಿಲ್ಲ. ಹಲಗೆ ತಿರುಗಿಸಿ ಅವನ ಅಕ್ಷರ ನನ್ನದೆಂದು ತೋರಿಸಿದಾಗ ಹೇಗೆ ಸುಮ್ಮನಿದ್ದನೋ, ಈಗಲೂ ಹಾಗೆಯೇ ಇದ್ದಾನೆ. ನಾನು ಕೂಡ ಸುಮ್ಮನಿದ್ದರೆ ಈ ಶಾಲು ಹೊದ್ದುಕೊಂಡು ಮನೆಗೆ ಹೋಗಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಬರುವಾಗ ಹಾಗೆಯೇ ಅಂದುಕೊಂಡು ಬಂದೆ. ಆದರೆ ಅಕ್ಕ ಎದ್ದು ನಿಂತು ನನಗೆ ಕೈ ಮುಗಿದರು. ಅದನ್ನು ತಾಳುವುದು ನನ್ನಿಂದಾಗದು. ಅವರು ನನ್ನ ಕೈಗೆ ತುತ್ತು ಕೊಟ್ಟವರು.

ಅಧ್ಯಕ್ಷರೇ, ಈ ಶಾಲು ಇಲ್ಲಿಯೇ ಮಡಿಸಿಟ್ಟಿದ್ದೇನೆ. ಆ ಚಿತ್ರವನ್ನು ಇಳಿಸಿರಿ, ಗೋಡೆಗೆ ಅದಕ್ಕಿಂತ ಕ್ಯಾಲೆಂಡರು ಮೇಲು. ಡಬ್ಬಿಯ ಮುಂದಿನ ಚೀಟಿಯನ್ನು ಮಾಸ್ತರರು ತೆಗೆಯಲಿ. ಯುನುಸ ಸಾಹೇಬರೇ, ನೀವು ಬರೆಯುವುದನ್ನು ನಿಲ್ಲಿಸಿದ್ದೀರಿ. ಇದು ಪ್ರವಾಸದ ಮಾತೇ, ಷರತ್ತು ಮೀರಿಲ್ಲ, ಪೂರ್ತಿ ಬರೆದುಕೊಳ್ಳಿರಿ.

ಧೊಂಡಿಬಾ, ಒಳಗೆ ಬಾರಪ್ಪ. ಚಪ್ಪಲಿ ಯಾರೂ ಒಯ್ಯುವುದಿಲ್ಲ. ಅವನ ಕೈಯಲ್ಲಿ ಕಾಣುತ್ತಿದೆಯಲ್ಲ, ಅದು ಅಕ್ಕನ ಎರಡನೆಯ ಅರಿವೆ. ಹಣಮಂತಪ್ಪ ಅದನ್ನು ಬರಿದಾಗಿ ಕಳಿಸಿಲ್ಲ, ಏನೋ ಕಟ್ಟಿ ಕಳಿಸಿದ್ದಾನೆ. ಎರಡು ದಿನ ಅದು ನನ್ನ ಮನೆಯಲ್ಲಿ, ನನ್ನ ಕಣ್ಣ ಮುಂದೆಯೇ ಇತ್ತು. ಈ ಸಲ ನಾನು ಗಂಟು ಬಿಚ್ಚಿಲ್ಲ. ಹಣಮಂತಪ್ಪನ ಸಂಸಾರದ ಸುದ್ದಿಯೂ ಧೊಂಡಿಬಾನ ಹತ್ತಿರ ಇದೆ, ಹೇಳುವ ಹಕ್ಕು ಅವನದು, ನನ್ನದಲ್ಲ. ಬರುವ ಸುಗ್ಗಿ ಮುಗಿದ ಮೇಲೆ ಅವನು ಮತ್ತೆ ಹೋಗುತ್ತಾನಂತೆ. ಒಪ್ಪಿದರೆ ನಾನೂ ಅವನ ಹಿಂದೆ, ಹಡಗಿನ ಮಾಳಿಗೆಯ ಮೇಲೆ ಕಂಬಳಿ ಹಾಸಿಕೊಂಡು ಹೋಗುತ್ತೇನೆ. ರೊಟ್ಟಿಯ ಗಂಟು ಮಾತ್ರ ಅವನ ಹತ್ತಿರವೇ ಇರಲಿ.

ಅಕ್ಕ, ನಾನು ನಿಮಗೆ ಹೇಳಿದ್ದೆಲ್ಲ ಸುಳ್ಳು. ಅವನು ದಪ್ಪ ಆಗಿದ್ದಾನೆ ಎಂದದ್ದು ಸುಳ್ಳು, ಮರ ಸುಳ್ಳು, ದೀಪಾವಳಿ ಸುಳ್ಳು, ದೇವರ ಮಾಡದಲ್ಲಿಟ್ಟ ಡಬ್ಬಿ ಸುಳ್ಳು. ಒಂದು ಮಾತು ಮಾತ್ರ ಖರೆ. ರೊಟ್ಟಿ ಹ್ಯಾಂಗ ಇದ್ದವು ಎಂದು ನೀವು ಕೇಳಿದಿರಿ. ಛಲೋ ಇದ್ದವು, ಅಕ್ಕ. ಬಹಳ ಛಲೋ ಇದ್ದವು.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ ನನ್ನ ಉಪಕಾರದ ಮಾತು ಸಲ್ಲುತ್ತದೆ. ಚಪ್ಪಾಳೆ ಬೇಡ. ನಮಸ್ಕಾರ.